ಹೂ ಉದುರಬಾರದು

ಡ್ರೋನ್ ಯಂತ್ರ ನೆಲ ಬಿಟ್ಟು ಎದ್ದಾಗ ಬದುವಿನ ಧೂಳೆಲ್ಲ ಸಂಗಣ್ಣ ಸಾಹುಕಾರರ ಬಿಳಿ ಧೋತರಕ್ಕೆ ಅಡರಿತು. ಬೇರೆ ದಿನವಾಗಿದ್ದರೆ ಬೈಗುಳ ಗ್ಯಾರಂಟಿ. ಇವತ್ತು ಅವರು ಧೋತರ ಝಾಡಿಸಲೂ ಇಲ್ಲ.

"ಸರಿಯಾಗಿ ನೋಡು ಮೌನಮ್ಮ. ಒಂದು ಸಾಲೂ ಬಿಡಬ್ಯಾಡ."

"ಹೂಂನ್ರಿ ಸಾವ್ಕಾರ್ರ."

ಮೌನಮ್ಮ ರಿಮೋಟಿನ ಪರದೆಯ ಮೇಲೆ ಸೆರಗು ಹೊದಿಸಿ ತಲೆಯನ್ನು ಒಳಗಿಟ್ಟುಕೊಂಡಳು. ರಾಮಸಮುದ್ರದ ಬಿಸಿಲಿಗೆ ಹಾಗೆ ಮುಚ್ಚಿಕೊಂಡರಷ್ಟೇ ಪರದೆಯಲ್ಲಿ ಏನಾದರೂ ಕಾಣುವುದು. ಸುತ್ತ ನಿಂತವರು ಮರ್ಯಾದಸ್ಥರು, ಪರಹೆಣ್ಣಿನ ಸೆರಗಿನೊಳಗೆ ಇಣುಕುವವರಲ್ಲ. ಬೈಕಿಗೆ ಕೊಡಲಿ ಕಟ್ಟಿಕೊಂಡು ಬರುವಷ್ಟು ಮಾತ್ರ ಮರ್ಯಾದೆ ಬಿಟ್ಟಿದ್ದರು.

ಹೊಳೆದಂಡೆಯ ಅಂಬಿಗರ ಹೆಣ್ಣುಮಗಳು ಮೌನಮ್ಮ. ಮಹಿಳಾ ಸಂಘದಿಂದ ತರಬೇತಿಗೆ ಹೋಗಿ ಡ್ರೋನ್ ಹಾರಿಸುವುದನ್ನು ಕಲಿತು ಬಂದಿದ್ದಳು. ಆವತ್ತು ಸಭೆಯಲ್ಲಿ ಯಾರೋ ದೊಡ್ಡವರು, ಮುಂದಿನ ಕಾಲ ನಿಮ್ಮೂರಿಗೇ ಬಂತು ಎಂದು ಭಾಷಣ ಮಾಡಿದ್ದರು. ಬಂದದ್ದು ಯಂತ್ರ ಮಾತ್ರ. ಸಂಗಣ್ಣ ಅದನ್ನು ಮೊದಲ ಸಲ ಹೊಲಕ್ಕೆ ಕರೆಸಿದಾಗ, ಮೀನು ಮುಟ್ಟಿದ ಕೈ ತಾಕಿದೆಯೆಂದು ಎರಡೆರಡು ಸಲ ತೊಳೆಸಿ, ವಿಭೂತಿ ಬಳಿದು, ಕಾಯಿ ಒಡೆದು ಆರತಿ ಎತ್ತಿಸಿದ್ದರು. ಹಾರಿಸುವವಳಿಗೆ ಬದುವಿನಾಚೆ ಚಹಾ ಕೊಟ್ಟು ಕಳಿಸಿದ್ದರು. ಯಂತ್ರ ಅವರ ಮನೆಯ ಮಾಳಿಗೆ ಮೇಲೂ ಹಾರಬಹುದು, ಅವಳು ಹೊಸ್ತಿಲು ದಾಟುವಂತಿಲ್ಲ.

ಅವಳ ತಮ್ಮ ದೇವು ಜೊತೆಗಿದ್ದು ಯಂತ್ರದ ಟಾಕಿಗೆ ಎಣ್ಣೆ ಬೆರೆಸಿ ಕೊಡುತ್ತಿದ್ದ. ಹುಳದ ಔಷಧಕ್ಕೆ ಈ ಕಡೆ ಎಣ್ಣೆ ಅಂತಲೇ ಹೆಸರು. ಸಾಹುಕಾರರ ಮಗಳು ಕಸ್ತೂರಿ ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಓದುವವಳು. ಯಂತ್ರ ನೋಡಲು ಬಂದವಳು ಹಾರಿಸುವವಳನ್ನು ಬಿಟ್ಟು ಬೆರೆಸುವವನ ಹತ್ತಿರವೇ ಪ್ರಶ್ನೆ ಕೇಳುತ್ತ ನಿಂತಳು. ಇದು ಎಲ್ಲಿಗೆ ಹೋಗುತ್ತದೆಂದು ಮೌನಮ್ಮನಿಗೆ ಆಗಲೇ ಗೊತ್ತಾಗಿತ್ತು. "ಬ್ಯಾಡೋ ತಮ್ಮಾ" ಎಂದು ಎಷ್ಟೋ ಸಲ ಕೈಮುಗಿದಿದ್ದಳು. ಅವನು ನಕ್ಕುಬಿಡುತ್ತಿದ್ದ.

ಇವತ್ತು ನಸುಕಿನಲ್ಲಿ ದೇವು, ಕಸ್ತೂರಿ ಇಬ್ಬರೂ ಓಡಿಹೋಗಲೆಂದು ಸೈದಾಪುರದಲ್ಲಿ ರೈಲು ಹಿಡಿಯಲು ಹೊರಟಿದ್ದರು. ಸುದ್ದಿ ಅವರಿಗಿಂತ ಮುಂಚೆ ಸ್ಟೇಷನ್ ಮುಟ್ಟಿತ್ತು. ಅಲ್ಲಿಂದ ಅಟ್ಟಿಸಿಕೊಂಡು ಬಂದವರಿಗೆ ದೇವುವಿನ ಬೈಕು ಸಿಕ್ಕಿದ್ದು ಸಂಗಣ್ಣನವರದೇ ತೊಗರಿ ಹೊಲದ ಬದುವಿನಲ್ಲಿ. ಆಳೆತ್ತರ ಬೆಳೆದ ತೊಗರಿ, ಹಳದಿ ಹೂ ತುಂಬಿ ನಿಂತಿತ್ತು. ಸಂಗಣ್ಣನವರ ಅಣ್ಣನ ಮಗ ಬಸು ನುಗ್ಗಿ ಹುಡುಕೋಣ ಎಂದಾಗ ಅವರು ಅವನ ತೋಳು ಹಿಡಿದು ನಿಲ್ಲಿಸಿದರು.

"ಇಷ್ಟು ಮಂದಿ ಒಳಗ ಹೊಕ್ಕರ ಹೂ ಉದುರ್ತದಲೇ. ಹೋಗು, ಅವನ ಅಕ್ಕನ್ನ ಕರಕೊಂಡು ಬಾ."

ಮಗಳಿಗಾಗಿ ಕೊಡಲಿ ತರಿಸಿದವರಿಗೆ ತೊಗರಿ ಹೂವಿನ ಮೇಲೆ ಎಂಥ ಮಮತೆ!

"ಹುಡುಕಿ ಕೊಡು. ಇಬ್ಬರನ್ನೂ ಕುಂದ್ರಿಸಿ ಮಾತಾಡ್ತೀವಿ, ಅಷ್ಟ," ಎಂದು ಹೇಳಿಯೇ ಮೌನಮ್ಮನನ್ನು ಕರೆತಂದಿದ್ದರು.

ಸೆರಗಿನ ಕತ್ತಲೆಯಲ್ಲಿ ಹೊಲ ಮೆಲ್ಲಗೆ ಸರಿಯಿತು. ನಡುವೆ ಒಂದೆಡೆ ಗಿಡ ತೆಳ್ಳಗಿದ್ದವು. ಅಲ್ಲಿ ಕಸ್ತೂರಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಪಕ್ಕದಲ್ಲಿ ದೇವು. ತಲೆಯ ಮೇಲಿನ ಸದ್ದಿಗೆ ಮುಖವೆತ್ತಿದ. ಹಾರಿಸುವವಳು ಯಾರೆಂದು ಗೊತ್ತಲ್ಲ, ಒಂದು ಕೈ ಎತ್ತಿ ಬೀಸಿದ, ಅಕ್ಕ ಬಂದಳೆಂದು.

ಮೌನಮ್ಮ ಯಂತ್ರವನ್ನು ಅಲ್ಲಿ ನಿಲ್ಲಿಸಲಿಲ್ಲ. ಕೊನೆಯ ಸಾಲಿನವರೆಗೂ ಹಾರಿಸಿ ತಂದು ಇಳಿಸಿದಳು.

"ಯಾರೂ ಇಲ್ರಿ. ಬರೇ ತೊಗರಿ ಅದ."

"ಖರೇನು?"

"ದೇವರಾಣಿರಿ."

ಸಂಗಣ್ಣ ಅವಳ ಮುಖವನ್ನೇ ನೋಡಿದರು. ಆಮೇಲೆ ಎಲೆಯಡಿಕೆ ಉಗುಳಿ ಬಸುವಿನತ್ತ ತಿರುಗಿದರು.

"ಛಲೋನ ಆತು. ಯಂತ್ರ ಹೆಂಗೂ ಬಂದದ. ಟಾಕಿ ತುಂಬು, ಎಣ್ಣಿ ಹೊಡೀಲಿ. ಕಾಯಿಕೊರಕ ಹುಳ ಬಿದ್ದದ."

ಮೌನಮ್ಮ ಎಣ್ಣೆ ಡಬ್ಬಿಯ ಕಡೆ ನೋಡಿದಳು. ಕೈಪಂಪಿನಂತಲ್ಲ ಇದು. ಈ ಟಾಕಿಯಲ್ಲಿ ನೀರು ಕಡಿಮೆ, ಎಣ್ಣೆ ಗಟ್ಟಿ. ಎಣ್ಣೆ ಬಿದ್ದ ಹೊಲದ ಹತ್ತಿರ ಅವಳು ನಾಯಿಯನ್ನೂ ಬಿಡುತ್ತಿರಲಿಲ್ಲ.

"ಗಾಳಿ ಭಾಳ ಅದರಿ. ಸಂಜಿಮುಂದ ಹೊಡಿತೀನ್ರಿ."

"ಯಾರೂ ಇಲ್ಲ ಅಂದಿ. ಮತ್ತ ನಿನಗ್ಯಾಕ ಚಿಂತಿ?"

"ಹಂಗಲ್ರಿ... ನಿಮ್ಮ ಮಗಳು..."

"ನನಗ ಮಗಳಿಲ್ಲ." ಸಂಗಣ್ಣ ಒಂದು ಹೆಜ್ಜೆ ಹತ್ತಿರ ಬಂದರು. "ಯಾಕ? ಒಳಗ ಅದಾಳೇನು?"

ಬೈಕಿನ ಹತ್ತಿರ ಯಾರೋ ಕೊಡಲಿಯ ಹಗ್ಗ ಬಿಚ್ಚಿದರು.

"ಇಲ್ರಿ," ಅಂದಳು ಮೌನಮ್ಮ.

ಯಂತ್ರ ಮತ್ತೆ ಎದ್ದಿತು. ನಡುವಿನ ಸಾಲು ಬಂದಾಗ ಅವಳು ಅದನ್ನು ಮೇಲಕ್ಕೆ ಎತ್ತಿದಳು, ಗಾಳಿಗಾದರೂ ಒಂದಿಷ್ಟು ಹಾರಿಹೋಗಲಿ ಎಂದು. ಹುಟ್ಟಾ ರೈತನ ಕಣ್ಣು, ಸಂಗಣ್ಣನವರಿಗೆ ತಿಳಿಯದೆ ಇರುತ್ತದೆಯೇ?

"ಕೆಳಗ ಇಳಸು."

ಇಳಿಸಿದಳು. ರೆಕ್ಕೆಯ ಗಾಳಿಗೆ ತೊಗರಿ ಇಬ್ಭಾಗವಾಯಿತು. ಪರದೆಯಲ್ಲಿ ದೇವು ಮೇಲೆ ನೋಡಿದ. ಈ ಸಲ ಕೈ ಎತ್ತಲಿಲ್ಲ. ಅಂಗಿ ಕಳಚಿ ಕಸ್ತೂರಿಯ ಮುಖಕ್ಕೆ ಒತ್ತಿ, ಅವಳನ್ನು ನೆಲಕ್ಕೆ ಮಲಗಿಸಿ, ಮೇಲೆ ಬೋರಲಾಗಿ ಬಿದ್ದುಕೊಂಡ. ಬರಿ ಬೆನ್ನಿನ ಮೇಲೆ ಬಿಳಿ ಮಂಜು ಇಳಿಯಿತು. ಬೆನ್ನು ಕುಲುಕಿತು, ಆದರೆ ಅವನು ಏಳಲಿಲ್ಲ. ಅಕ್ಕ ಯಾರೂ ಇಲ್ಲ ಅಂದಿರಬೇಕು ಎಂದು ಅವನಿಗೆ ಅರ್ಥವಾಗಿತ್ತು.

ಟಾಕಿ ಬರಿದಾಗಿ ಯಂತ್ರ ಇಳಿಯಿತು. ರೆಕ್ಕೆಗಳು ನಿಂತವು. ಬಸುವಿನ ಹಿಂದೆಯೇ ಬಂದಿದ್ದ ಸಾಹುಕಾರರ ಹೆಂಡತಿ, ಕಸ್ತೂರಿಯ ತಾಯಿ, ಟಾಕಿಗೆ ಬೇಕಾದ ನೀರಿನ ಕೊಡ ಹಿಡಿದು ಬದುವಿನ ತುದಿಯಲ್ಲಿ ನಿಂತಿದ್ದಳು. ಅಷ್ಟರಲ್ಲಿ ಹೊಲದ ಒಳಗಿನಿಂದ ಒಂದು ಕೆಮ್ಮು ಕೇಳಿತು. ಸಣ್ಣ ಕೆಮ್ಮು, ಹೆಣ್ಣುದನಿ.

ಗಂಡಸರು ಕಿವಿ ನಿಗುರಿಸುವ ಮೊದಲೇ ಮೌನಮ್ಮ ಕೆಮ್ಮಲು ಶುರುಮಾಡಿದಳು. ಸೆರಗನ್ನು ಬಾಯಿಗೆ ತುರುಕಿಕೊಂಡು, ನಡು ಬಗ್ಗಿಸಿ, ಗಂಟಲು ಹರಿಯುವಂತೆ ಕೆಮ್ಮಿದಳು. ಒಳಗೆ ಮತ್ತೊಂದು ಕೆಮ್ಮು ಎದ್ದಿತು. ಆಗ ಕಸ್ತೂರಿಯ ತಾಯಿಯ ಕೈಯ ಕೊಡ ಜಾರಿ ನೀರೆಲ್ಲ ಚೆಲ್ಲಿತು. ಅವಳೂ ಬದುವಿನ ಮೇಲೆ ಕುಸಿದು ಕೂತು ಕೆಮ್ಮತೊಡಗಿದಳು.

"ಹೆಂಗಸರಿಗೆ ಎಣ್ಣಿ ವಾಸನಿ ತಡಿಯೋದಿಲ್ಲ ನೋಡು," ಎಂದು ಸಂಗಣ್ಣ ಹೆಂಡತಿಯ ಕಡೆ ನೋಡಿ ನಕ್ಕರು. "ಬಸು, ಇನ್ನೊಂದು ಟಾಕಿ ತುಂಬು."

ಬಸು ಡಬ್ಬಿಯ ಮುಚ್ಚಳ ತಿರುಗಿಸಿದ. ತೊಗರಿ ಅಲುಗದೆ ನಿಂತಿತ್ತು. ಒಂದು ಹೂವೂ ಉದುರಿರಲಿಲ್ಲ. ಒಳಗಿನ ಕೆಮ್ಮು ಯಾವಾಗಲೋ ನಿಂತಿತ್ತು. ಬದುವಿನ ಈ ತುದಿಗೆ ಒಬ್ಬಳು, ಆ ತುದಿಗೆ ಒಬ್ಬಳು, ಒಬ್ಬರ ಮುಖ ಒಬ್ಬರು ನೋಡದೆ ಇನ್ನೂ ಕೆಮ್ಮುತ್ತಲೇ ಇದ್ದರು.