ಬೂದಿಗೆ ಬೇಕಾದ ನೀರು

ತೊಟ್ಟಿಯಲ್ಲಿ ಹನಿ ನೀರಿರಲಿಲ್ಲ. ಬಲಪರೀಕ್ಷೆಗೆಂದು ಅವಳು ಎರಕ ಹೊಯ್ದಿದ್ದ ಕಾಂಕ್ರೀಟ್ ಕ್ಯೂಬ್‌ಗಳು ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಸಾಲಾಗಿ ಕೂತಿದ್ದವು.

"ಚಿಕ್ಕಮ್ಮ, ನೀರೆಲ್ಲಿ?"

"ಚೆಲ್ಲಿದೆ. ನೀನು ಅಕ್ಕನ ಮನೆಗೆ ಹೋದ ಮಾರನೇ ದಿನವೇ. ಸೊಳ್ಳೆಮರಿ ಕುಣೀತಿದ್ವು ಕಣೆ. ಉಜ್ಜಿ ಉಜ್ಜಿ ಸೊಂಟ ಬಿದ್ದೋಯ್ತು."

ಯಾರನ್ನು ಬೈಯುವುದು? ಚಿಕ್ಕಪ್ಪ ಕಾಂಕ್ರೀಟ್ ಸಾಮಾನು ಮಾಡಿಸುವ ಅಂಗಳಕ್ಕೆ ವಿದ್ಯುತ್ ಸ್ಥಾವರದ ಹಾರುಬೂದಿ ತರಿಸಿ, ಮೂರರಲ್ಲೊಂದು ಪಾಲು ಸಿಮೆಂಟಿನ ಬದಲು ಅದನ್ನೇ ಬೆರೆಸಿದ್ದಳು. ಸಿಮೆಂಟು ದುಡುಕಿನದು, ಬೇಗ ಬಿಗಿಯುತ್ತದೆ. ಬೂದಿ ಮಾತ್ರ ಅಜ್ಜಿಕಥೆಯ ಕಿರಿಯ ಮಗನಂತೆ. ಎಲ್ಲರೂ ಕೈಲಾಗದವನೆಂದು ಬಿಟ್ಟಮೇಲೆ, ವಾರಗಟ್ಟಲೆ ನೀರಲ್ಲಿ ನೆನೆದು ನಿಧಾನವಾಗಿ ಬಲ ತುಂಬಿಕೊಳ್ಳುತ್ತದೆ. ಆ ನೀರನ್ನೇ ಚೆಲ್ಲಿಬಿಟ್ಟಿದ್ದರು.

ಇವತ್ತು ಕ್ಯೂಬ್ ಒತ್ತಡ ತಡೆದುಕೊಂಡರೆ ಮುಂದಿನ ಕೆಲಸವೆಲ್ಲ ಬೂದಿಯದೇ. ಇಲ್ಲದಿದ್ದರೆ ಬೂದಿಗುಡ್ಡೆ ಆಚೆಗೆ. ಅದಕ್ಕೆಂದೇ ಲಾರಿ ಗೇಟಿನಲ್ಲಿ ನಿಂತಿತ್ತು.

ಒತ್ತುಯಂತ್ರದ ಮುಳ್ಳು ಬೇಕಾದ ಬಲದ ಗುರುತಿಗೆ ಅರ್ಧ ದಾರಿ ಏರುವಷ್ಟರಲ್ಲಿ ಮೊದಲನೆಯದು ಬಿರಿಯಿತು. ಉಳಿದೆರಡೂ ಅದೇ ಹಾದಿ ಹಿಡಿದವು.

"ಬೂದಿ ಯಾವತ್ತಿದ್ರೂ ಬೂದಿನೇ, ಬೂದಿರಾಣಿ," ಎಂದರು ಚಿಕ್ಕಪ್ಪ.

"ಚಿಕ್ಕಮ್ಮ ಒಣಗಿಸಿಬಿಟ್ರು, ಅದಕ್ಕೇ..."

"ನನ್ನನ್ನೂ ಇಷ್ಟು ವರ್ಷದಿಂದ ಒಣಗಿಸಿದ್ದಾಳೆ. ನಾನು ನಿಂತಿಲ್ವಾ?"

ಅವಳಿಗೆ ನಗು ಬರಲಿಲ್ಲ. ಎರಕ ಹೊಯ್ದಿದ್ದು ನಾಲ್ಕು. ಇನ್ನೊಂದೆಲ್ಲಿ? ಹುಡುಕುತ್ತ ಹಿತ್ತಲಿಗೆ ಬಂದರೆ, ಸೋರುವ ನಲ್ಲಿಯ ಕೆಳಗೆ ಅದು ಬಕೆಟ್ಟನ್ನು ಹೊತ್ತು, ಪಾಚಿ ಹಿಡಿದು, ಹಾಯಾಗಿ ನೆನೆಯುತ್ತಿತ್ತು.

"ಬಕೆಟ್ಟಿಗೆ ಎತ್ತರ ಸಾಲ್ತಿರಲಿಲ್ಲ," ಎಂದರು ಚಿಕ್ಕಮ್ಮ.

ಅದನ್ನು ಎದೆಗವಚಿಕೊಂಡು ಯಂತ್ರದ ಬಳಿಗೆ ಓಡಿದಳು. ಮುಳ್ಳು ಗುರುತು ದಾಟಿತು. ದಾಟಿ ಇನ್ನೂ ಏರಿ, ಆಮೇಲೆ ಕ್ಯೂಬ್ ಒಡೆಯಿತು. ಅವಳು ಚಿಕ್ಕಪ್ಪನ ಮುಖ ನೋಡಿದಳು.

"ಚೆನ್ನಾಗಿದೆ. ಇನ್ನೆರಡು?"

"ಇದೊಂದೇ."

"ಹೋದ ಸಲ ನಾನು ಸಿಮೆಂಟಿನ ಕ್ಯೂಬ್ ಒಂದನ್ನೇ ಒಡೆದು ನೋಡಿದ್ದಕ್ಕೆ ಊಟ ಬಿಟ್ಟು ಜಗಳ ಆಡಿದ್ಯಾರು? ಮೂರು ಒಡೆದು ನೋಡ್ದೆ ನಂಬಬೇಡಿ ಅಂದೋಳು ನೀನೇ ಅಲ್ವಾ ತಾಯಿ?"

ಅವಳ ನಿಯಮ ಅವಳ ಕುತ್ತಿಗೆಗೇ ಬಂದಿತ್ತು. ಹೊರಗೆ ಗುಡ್ಡೆ ತುಂಬಿಕೊಂಡ ಲಾರಿ ಹೊರಟಿತು. ನೆಲದಲ್ಲಿ ಉಳಿದಿದ್ದ ಬೂದಿಯನ್ನು ಗೋರಿದಳು. ಒಂದು ಚೀಲಕ್ಕೆ ಸ್ವಲ್ಪ ಕಡಿಮೆ. ಮೂರು ಕ್ಯೂಬಿಗೆ ಧಾರಾಳ. ಸಿಟ್ಟಿನಲ್ಲೇ ಕಲಸಿದಳು, ಸಿಟ್ಟಿನಲ್ಲೇ ಅಚ್ಚಿಗೆ ತುಂಬಿದಳು.

ಮರುದಿನ ಅಚ್ಚು ಬಿಚ್ಚಿ ಅವನ್ನು ತೊಟ್ಟಿಯ ನೀರಿಗಿಳಿಸುವಾಗ ಚಿಕ್ಕಮ್ಮ ಬಂದರು. ಕಂಕುಳಲ್ಲಿ ಹಳೆಯ ಸೊಳ್ಳೆಪರದೆ.

"ಆ ತುದಿ ಹಿಡ್ಕೋ," ಎಂದರು. "ತೊಟ್ಟಿ ಮೇಲೆ ಬಿಗಿಯಾಗಿ ಎಳಿ. ಮಕ್ಕಳನ್ನ ಮಲಗಿಸಿದಂಗಾಯ್ತು ನಿನ್ನ ಕಥೆ."