ಹೊರಗೆ ಹದಿಮೂರು ಡಿಗ್ರಿ

“ಈಗ ಊದ್ತಾ ಇರೋದು ಯಾವುದು? ಹೊಸದೋ, ಹಳೇದೋ?”

ಶ್ರೀಕಂಠಯ್ಯನವರು ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಹಾಲ್‌ನಲ್ಲಿ ಅವರೊಬ್ಬರೇ ಇದ್ದರು. ನೆಲದಲ್ಲಿ ಕೂರಿಸಿದ ಬಿಸಿಗಾಳಿಯ ಜಾಲರಿಯ ಮೇಲೆ ಅಂಗೈ ಹಿಡಿದು ಬಗ್ಗಿರಬೇಕು. ಅದೇ ಜಾಲರಿಯ ಕೆಳಗೆ, ಮರದ ನೆಲಕ್ಕೂ ಮಣ್ಣಿಗೂ ನಡುವಿನ ಎರಡಡಿ ಸಂದಿಯಲ್ಲಿ ಹೊಟ್ಟೆಯ ಮೇಲೆ ಮಲಗಿ ನಾನು ಬಿಸಿಗಾಳಿ ಸಾಗುವ ಡಕ್ಟಿಗೆ ಟೇಪು ಸುತ್ತುತ್ತಿದ್ದೆ. ಆ ದನಿ ತಗಡಿನ ಕೊಳವೆಯೊಳಗಿಂದ ಇಳಿದು ಬಂದು ಕಿವಿಯ ಪಕ್ಕದಲ್ಲೇ ನಿಂತಿತು. ಹೊಸದು ಅಂಕಲ್ ಎಂದು ಕೂಗಬಹುದಾಗಿತ್ತು, ಕೂಗಲಿಲ್ಲ. ಐದು ವರ್ಷ ಫೋನಿನಲ್ಲಷ್ಟೇ ಕೇಳಿದ್ದ ದನಿ. ಇನ್ನೊಂದು ಮಾತಾಡಲಿ ಎಂದು ಟೇಪನ್ನು ಕೈಯಲ್ಲಿ ಹಿಡಿದು ಸುಮ್ಮನೆ ಮಲಗಿದ್ದೆ.

ಅದು 2008ರ ಜುಲೈ. ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ, ರೈಲು ಕೊನೆಗೊಳ್ಳುವ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಆ ಇಟ್ಟಿಗೆ ಮನೆಗೆ ನಾನು ಮೊದಲು ಹೋದದ್ದು ಎಂಟು ವರ್ಷದ ಹಿಂದೆ, ವಿದ್ಯಾರ್ಥಿಯಾಗಿ. ಪ್ರತಿ ಶನಿವಾರ ಸಂಜೆ ಅಲ್ಲಿ ಕಾವ್ಯವಾಚನ. ಅನುಸೂಯಮ್ಮ ಪದ್ಯ ಹಾಡುತ್ತಿದ್ದರು, ಅವರ ಯಜಮಾನರು ಶ್ರೀಕಂಠಯ್ಯ ಅರ್ಥ ಹೇಳುತ್ತಿದ್ದರು. ಅವರು ಮೈಸೂರಿನಿಂದ ಬಂದು ಇಲ್ಲೇ ಇಂಜಿನಿಯರಾಗಿ ಕೆಲಸ ಮಾಡಿ ನಿವೃತ್ತರಾದವರು. ನನ್ನ ಜೊತೆ ರೂಮಿನಲ್ಲಿದ್ದ ಹುಡುಗರು, ಅಲ್ಲಿ ಊಟಕ್ಕೆ ಸಾರು, ಪಲ್ಯ, ಹಪ್ಪಳ ಎಲ್ಲ ಇರುತ್ತೆ, ಆದರೆ ಅದಕ್ಕೂ ಮುಂಚೆ ಒಂದೂವರೆ ಗಂಟೆ ಕೂತಿರಬೇಕು ಎಂದು ಎಚ್ಚರಿಸಿದ್ದರು. ನನಗೆ ಅದು ತಿರುಗುಮುರುಗು. ತಿಪಟೂರಿನಲ್ಲಿ ನಮ್ಮ ತಾತ ಶ್ರಾವಣ ಪೂರ್ತಿ ದೇವಸ್ಥಾನದ ಮಂಟಪದಲ್ಲಿ ಕಾವ್ಯ ಓದುತ್ತಿದ್ದರು. ಅರ್ಥ ತಿಳಿಯುವ ಮೊದಲೇ ಆ ಧಾಟಿ ನನ್ನೊಳಗೆ ಹೊಕ್ಕಿತ್ತು. ಊಟ ಇಲ್ಲದಿದ್ದರೂ ಬರುತ್ತಿದ್ದೆ ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ.

ಚಳಿಗಾಲದ ಶನಿವಾರಗಳು ಹೆಚ್ಚು ನೆನಪಿವೆ. ಬಂದವರೆಲ್ಲ ಮೊದಲು ಹುಡುಕುತ್ತಿದ್ದುದು ಬಿಸಿಗಾಳಿಯ ಜಾಲರಿಯ ಪಕ್ಕದ ಜಾಗ. ಮಗಳು ಸಂಯುಕ್ತಾ ಆಗ ಯೂನಿವರ್ಸಿಟಿಯಲ್ಲಿದ್ದರು. ಹೋಗಿ ಜಾಲರಿಯ ಮೇಲೇ ನಿಂತುಬಿಡುವರು, ಲಂಗ ಬುಗ್ಗೆಯಂತೆ ಉಬ್ಬುತ್ತಿತ್ತು. ಗ್ಯಾಸ್ ಬಿಲ್ ಪೂರ್ತಿ ನಿನ್ನ ಲಂಗಕ್ಕೇ ಆಯ್ತು ಎಂದು ಅಪ್ಪ ರೇಗಿಸುವರು. ಆಮೇಲೆ ಅನುಸೂಯಮ್ಮ ಎದ್ದು ಹೋಗಿ ಗೋಡೆಯ ಸ್ವಿಚ್ಚು ಆರಿಸುತ್ತಿದ್ದರು. ಅವರ ಬಾಯಲ್ಲಿ ಅದು ಒಲೆ. ಒಲೆ ಊದುತ್ತಿದ್ದರೆ ಶ್ರುತಿ ನಿಲ್ಲುವುದಿಲ್ಲ, ಗಂಟಲೂ ಒಣಗುತ್ತದೆ. ಆರಿಸಿದ ಮೇಲೆ ನೆಲದಡಿಯ ತಗಡು ತಣಿಯುತ್ತಾ ಟಿಕ್, ಟಿಕ್ ಎನ್ನುತ್ತಿತ್ತು. ಅದು ನಿಂತ ಮೇಲೆ ಶ್ರುತಿಪೆಟ್ಟಿಗೆ, ಅದರ ಮೇಲೆ ಅವರ ದನಿ. ಚಳಿ ನಿಧಾನವಾಗಿ ಪಾದದಿಂದ ಮೇಲೇರುವುದು. ನಾಲ್ಕನೆಯ ಪದ್ಯಕ್ಕೆ ಕಾಲ್ಚೀಲ ದಾಟಿ, ಹತ್ತನೆಯದಕ್ಕೆ ಮೊಣಕಾಲು. ಅಲ್ಲಿ ಇಲ್ಲಿ ಮಡಿಸಿದ ಶಾಲು ಬಿಚ್ಚಿ ಹೊದೆಯುವ ಸದ್ದು, ನುಸಿಗುಳಿಗೆಯ ವಾಸನೆ. ಕೇಳಿದ ಎಷ್ಟೋ ಪದ್ಯ ಮರೆತಿದ್ದೇನೆ, ಯಾವ ಪದ್ಯಕ್ಕೆ ಚಳಿ ಎಲ್ಲಿಗೆ ಬಂದಿತ್ತು ಎನ್ನುವುದು ಮರೆತಿಲ್ಲ.

ನನ್ನ ಓದು ರೆಫ್ರಿಜರೇಷನ್ ಟ್ರೇಡಿಗೆ ತಿರುಗಿತು, ಕೆಲಸ ಸಿಡ್ನಿಯಲ್ಲಿ ಸಿಕ್ಕಿತು. ಅಷ್ಟರಲ್ಲಿ ಸಂಯುಕ್ತಕ್ಕ ಮದುವೆಯಾಗಿ ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಮನೆ ಮಾಡಿದ್ದರು. ಕಾಯಂ ಆಗಿ ನೆಲೆಸುವ ಪಿಆರ್ ನನಗಿನ್ನೂ ಇಲ್ಲ, ರೆಂಟಿಗೆ ಮನೆ ಕೊಡುವವರಿಲ್ಲ. ಅಕ್ಕ ಮತ್ತು ಅವರ ಗಂಡ ದರ್ಶನ್ ನಾಲ್ಕು ತಿಂಗಳು ನನ್ನನ್ನು ತಮ್ಮಲ್ಲಿ ಇಟ್ಟುಕೊಂಡರು. ಒಂದು ದಿನವೂ ಎಷ್ಟು ದಿನ ಇರ್ತೀಯ ಎಂದು ಕೇಳಿದವರಲ್ಲ. ಒಮ್ಮೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾ ಅಕ್ಕ ತಮ್ಮ ಅಮ್ಮನ ಧಾಟಿಯಲ್ಲೇ ಒಂದು ಸಾಲು ಗುನುಗುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿಬಿಟ್ಟರು.

ಸಿಡ್ನಿಯ ಚಳಿಗೆ ಗ್ಯಾಸಿನ ಒಲೆ ಬೇಕಿಲ್ಲ. ಅಲ್ಲಿನ ಹೊಸ ಮನೆಗಳಿಗೆ ನಾನು ಕೂರಿಸುತ್ತಿದ್ದುದು ಹೀಟ್ ಪಂಪ್. ಅದು ಏನನ್ನೂ ಸುಡುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನೇ ಎಳೆದು ಒಳಗೆ ತರುತ್ತದೆ. ಬಿಸಿ ಮೆತ್ತಗೆ, ಸದ್ದು ಕಡಿಮೆ. ನಾನು ಮೆಲ್ಬರ್ನಿಗೆ ವಾಪಸು ಬಂದ ಮೇಲೆ ಶ್ರೀಕಂಠಯ್ಯನವರು ಫೋನ್ ಮಾಡಿ ಕೇಳಿದ್ದು ಅದನ್ನೇ. ಹಿಂದಿನ ಎರಡು ಚಳಿಗಾಲ ಅನುಸೂಯಮ್ಮನಿಗೆ ಬಿಡದ ಕೆಮ್ಮು. ಒಲೆ ಹಚ್ಚಿದರೆ ಒಣ ಬಿಸಿ, ಆರಿಸಿದರೆ ಥಂಡಿ. ಹೋದ ವರ್ಷ ಆರು ಶನಿವಾರ ಕಾವ್ಯವಾಚನವೇ ನಡೆದಿರಲಿಲ್ಲ. ಸಂಯುಕ್ತಕ್ಕ ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದರು: ಈ ಚಳಿಗಾಲವೂ ಕೆಮ್ಮು ಬಿಡದೆ ಕಾಡಿದರೆ ಮನೆ ಮಾರಿ ಕೆಲ್ಲಿವಿಲ್‌ಗೆ ಬಂದುಬಿಡಬೇಕು.

“ಅವಳು ಮಾತು ತಗೊಂಡ್ಲು, ನಾವು ಕೊಟ್ವಿ,” ಎಂದರು ಅವರು. “ಕೊಟ್ಟ ಮಾತು ತಪ್ಪೋ ಹಾಗಿಲ್ಲ. ಕೆಮ್ಮು ಬರದೇ ಇರೋ ಹಾಗೆ ಏನಾದ್ರೂ ಮಾಡಯ್ಯ.”

ಹಾಗಾಗಿ ಆ ದಿನ ನಾನು ಅವರ ಹಾಲ್‌ನ ಅಡಿಯಲ್ಲಿದ್ದೆ. ಹಳೆಯ ಗ್ಯಾಸ್ ಹೀಟರನ್ನು ಕೀಳಲಿಲ್ಲ. ಮೆಲ್ಬರ್ನಿನಲ್ಲಿ ಹುಲ್ಲು ಬೆಳ್ಳಗೆ ಹೆಪ್ಪುಗಟ್ಟುವ ಬೆಳಗುಗಳಿರುತ್ತವೆ. ಆಗ ಹೀಟ್ ಪಂಪಿನ ಹೊರಪೆಟ್ಟಿಗೆಗೆ ಮಂಜು ಕಟ್ಟಿ, ಅದನ್ನು ಕರಗಿಸಿಕೊಳ್ಳಲು ಮತ್ತೆ ಮತ್ತೆ ನಿಂತು, ಒಳಗೆ ತಣ್ಣನೆ ಗಾಳಿ ಊದುತ್ತದೆ. ಅಂಥ ಹೊತ್ತಿಗೆ ಒಲೆಯೇ ಬೇಕು. ಎರಡಕ್ಕೂ ಒಂದೇ ಡಕ್ಟು, ಒಂದೇ ಫ್ಯಾನು. ನಡುವೆ ನಾನು ಕೂರಿಸಿದ್ದು ಅಂಗೈಯಗಲದ ಒಂದು ಕಂಟ್ರೋಲು. ಹೊರಗೋಡೆಯ ಸೆನ್ಸರು ಥಂಡಿ ಎಷ್ಟೆಂದು ಹೇಳುತ್ತದೆ. ಆರು ಡಿಗ್ರಿಗಿಂತ ಮೇಲಿದ್ದರೆ ಹೀಟ್ ಪಂಪು, ಕೆಳಗಿಳಿದರೆ ಅದನ್ನು ನಿಲ್ಲಿಸಿ ಒಲೆ. ಎರಡೂ ಒಟ್ಟಿಗೆ ಎಂದೂ ಓಡಬಾರದು. ಓಡಿದರೆ ಒಲೆಯ ಬಿಸಿ ಪಂಪಿನ ಸುರುಳಿಯನ್ನು ಕೆಡಿಸುತ್ತದೆ.

“ಗೊತ್ತಾಯ್ತು ಬಿಡು,” ಎಂದರು ಶ್ರೀಕಂಠಯ್ಯ. “ಇವಳು ಹಾಡೋವಾಗ ನಾನು ಬಾಯಿ ಮುಚ್ಕೊಂಡಿರ್ತೀನಲ್ಲ, ಹಾಗೆ.”

“ಎಲ್ಲಿ ಮುಚ್ಕೊಂಡಿರ್ತೀರ,” ಎಂದರು ಅನುಸೂಯಮ್ಮ ಅಡುಗೆಮನೆಯಿಂದ. “ಪದ್ಯ ಮುಗಿಯೋಕೆ ಮುಂಚೆ ಅರ್ಥ ಹೇಳೋಕೆ ಶುರು ಮಾಡ್ತೀರ. ಆ ಪೆಟ್ಟಿಗೇನ ನಿಮಗೂ ಒಂದು ಹಾಕಿಸ್ಬೇಕು.”

ಸೆನ್ಸರಿಗೆ ಬಿಸಿಲು ತಾಗಬಾರದು. ಇಲ್ಲಿ ಸೂರ್ಯ ಉತ್ತರದ ಕಡೆ ವಾಲಿ ನಡೆಯುವುದರಿಂದ ನೆರಳಿರುವುದು ದಕ್ಷಿಣದ ಗೋಡೆ. ಹಿಂಬಾಗಿಲ ಪಕ್ಕ, ಹಿಂದಿನ ಕಾಲದವರು ಹಾಲಿನ ಬಾಟಲಿ ಇಡಲೆಂದು ಇಟ್ಟಿಗೆಯಲ್ಲಿ ಬಿಟ್ಟಿದ್ದ ಒಂದು ಗೂಡಿತ್ತು. ಅದರ ಮೇಲೆ ಒಂದು ಗೇಣು ಬಿಟ್ಟು ಸೆನ್ಸರು ಕೂರಿಸಿದೆ. ಕೆಲಸ ಮಾಡುವಾಗ ಸ್ಕ್ರೂಗಳನ್ನು ಆ ಗೂಡಿನಲ್ಲೇ ಇಟ್ಟುಕೊಂಡಿದ್ದೆ. ಒಳಗೆ ಕಪ್ಪಗಿತ್ತು. ಹಳೆಯ ಗೋಡೆ, ಕೊಳೆ ಎಂದುಕೊಂಡೆ.

ಆ ಶನಿವಾರ ಮೊದಲ ಸಲ ಯಾರೂ ಎದ್ದು ಸ್ವಿಚ್ಚು ಆರಿಸಲಿಲ್ಲ. ಹದಿನಾಲ್ಕು ಜನ ಬಂದಿದ್ದರು. ಗಾಳಿ ಬರುತ್ತಿದ್ದುದೇ ತಿಳಿಯದಷ್ಟು ಮೆಲ್ಲಗೆ ಬರುತ್ತಿತ್ತು. ಅನುಸೂಯಮ್ಮನ ದನಿ ಮೇಲಿನ ಸ್ಥಾಯಿಗೆ ಹೋಗಿ ಅಲ್ಲಿ ನಿಂತು, ನಿರಾಳವಾಗಿ ಇಳಿದು ಬಂತು. ನನ್ನ ಮೊಣಕಾಲು ಕೊನೆಯವರೆಗೂ ಬೆಚ್ಚಗಿತ್ತು. ಸಂತೋಷವೇ ಆಯಿತು, ಹತ್ತನೆಯ ಪದ್ಯ ಯಾವಾಗ ಬಂದು ಹೋಯಿತೆಂದು ಮಾತ್ರ ಗೊತ್ತಾಗಲಿಲ್ಲ.

ಬುಧವಾರ ಶ್ರೀಕಂಠಯ್ಯನವರ ಫೋನು. ಎರಡು ದಿನದಿಂದ ಬೆಳಗಿನ ಜಾವ ಜಾಲರಿಯಲ್ಲಿ ತಣ್ಣನೆ ಗಾಳಿ. ಅನುಸೂಯಮ್ಮ ಐದಕ್ಕೇ ಎದ್ದು ಸ್ನಾನ ಮುಗಿಸಿ ಹಾಲ್‌ನಲ್ಲಿ ಅಭ್ಯಾಸಕ್ಕೆ ಕೂರುವ ಹೊತ್ತು ಅದು. ಕೆಮ್ಮು ಶುರುವಾಗಿದೆ. ಕಾರಿನ ಗಾಜಿನ ಮೇಲೆ ಮಂಜು ಗಟ್ಟಿಯಾಗಿದ್ದರೂ ಕಂಟ್ರೋಲು ಹೊರಗೆ ಹದಿಮೂರು ಡಿಗ್ರಿ ಎನ್ನುತ್ತಿದೆ. ಸಂಯುಕ್ತಾಗೆ ಹೇಳಬೇಡ ಎಂದರು.

ಹೇಳಬೇಕಾದ ಅಗತ್ಯ ಇರಲಿಲ್ಲ. ಆ ಸಂಜೆಯೇ ಅಕ್ಕ ಫೋನ್ ಮಾಡಿದರು. ಅಮ್ಮನ ಕೆಮ್ಮು ಫೋನಿನಲ್ಲೇ ಕೇಳಿಸಿತಂತೆ. ಕೋಪವೇನೂ ಇರಲಿಲ್ಲ. ಮೇ ತಿಂಗಳಲ್ಲಿ ಅಪ್ಪ ಬಾತ್‌ರೂಮಿನಲ್ಲಿ ಜಾರಿ ಬಿದ್ದದ್ದು, ಅಮ್ಮನಿಗೆ ಎತ್ತಲಾಗದೆ ಪಕ್ಕದ ಮನೆಯವರು ಬಂದದ್ದು, ತಾನು ಸಿಡ್ನಿಯಿಂದ ಫ್ಲೈಟ್ ಹಿಡಿದು ತಲುಪುವಷ್ಟರಲ್ಲಿ ಅರ್ಧ ದಿನ ಕಳೆದದ್ದು, ಎಲ್ಲ ಹೇಳಿದರು. ನನಗೆ ಆ ವಿಷಯ ಗೊತ್ತಿರಲಿಲ್ಲ. ಆಮೇಲೆ, ಎರಡೂ ಮಷೀನು ಒಂದಕ್ಕೊಂದು ಹೊಂದುವುದಿಲ್ಲ ಎಂದು, ಕೆಲಸ ಮುಗಿಸಿ ಮನೆಯವರಿಗೆ ಕೊಡುವ ಜಾಬ್ ಶೀಟಿನಲ್ಲಿ ಒಂದು ಸಾಲು ಬರೆದುಕೊಡೋಕಾಗುತ್ತಾ ಎಂದು ಕೇಳಿದರು. ನಾಳೆ ನೋಡಿ ಹೇಳ್ತೀನಿ ಅಕ್ಕ ಎಂದೆ. ಆಗ ಅಷ್ಟೇ ಹೇಳಲು ನನ್ನಿಂದಾಯಿತು. ಅವರ ಮನೆಯಲ್ಲಿ ನಾಲ್ಕು ತಿಂಗಳು ಅನ್ನ ತಿಂದವನು ನಾನು.

ಮರುದಿನ ಆರಕ್ಕೆ ಮೊದಲೇ ಹೋದೆ. ಹುಲ್ಲಿನ ಮೇಲೆ ಕಾಲಿಟ್ಟರೆ ಪುಡಿಯಾಗುತ್ತಿತ್ತು. ಒಳಗೆ ಕಂಟ್ರೋಲಿನ ಮೇಲೆ ಹದಿಮೂರು. ನನ್ನ ಕೈಯಲ್ಲಿದ್ದ ಥರ್ಮಾಮೀಟರಿನಲ್ಲಿ ಎರಡು. ಸೆನ್ಸರು ಕೆಟ್ಟಿರಬೇಕೆಂದು ಹೊಸದೊಂದು ತಂದಿದ್ದೆ. ಮನೆಯನ್ನು ಸುತ್ತಿ ಹಿಂದಕ್ಕೆ ಹೋದೆ.

ಹಾಲಿನ ಗೂಡಿನಲ್ಲಿ ದೀಪ ಉರಿಯುತ್ತಿತ್ತು.

ಗಾಳಿಗೆ ಆರದಂತೆ ಗಾಜಿನ ಚಿಮಣಿ ಹಾಕಿದ್ದ ಎಣ್ಣೆಯ ದೀಪ, ಮುಂದೆ ಎರಡೆಳೆ ರಂಗೋಲಿ. ಚಿಮಣಿಯ ಬಿಸಿ ನೇರ ಮೇಲಕ್ಕೇರಿ ಸೆನ್ಸರಿನ ಬಿಳಿ ಮುಚ್ಚಳವನ್ನು ಆಗಲೇ ಕಂದು ಮಾಡಿತ್ತು. ಇಡೀ ಮೆಲ್ಬರ್ನ್ ಥಂಡಿಯಲ್ಲಿ ಮುದುಡಿದ್ದಾಗ ಆ ಪುಟ್ಟ ಪೆಟ್ಟಿಗೆ ಮಾತ್ರ ದೇವರ ದೀಪದ ಬಿಸಿಯಲ್ಲಿ ಸುಖವಾಗಿ ಕೂತು, ಹೊರಗೆಲ್ಲ ಬೆಚ್ಚಗಿದೆ ಎಂದು ಒಳಗೆ ಹೇಳುತ್ತಿತ್ತು. ನಗು ಬಂತು, ಅದರ ಹಿಂದೆಯೇ ನಾಚಿಕೆ. ಬೇರೆ ಯಾವ ಮೆಕ್ಯಾನಿಕ್ ಬಂದಿದ್ದರೂ ಆ ಕಪ್ಪನ್ನು ಕೊಳೆ ಎನ್ನಬಹುದಿತ್ತು. ತಾತನ ಪುಸ್ತಕದ ಪಕ್ಕದ ದೀಪಕ್ಕೆ ಬತ್ತಿ ಹೊಸೆದುಕೊಡುತ್ತಿದ್ದವನು ನಾನು. ಆ ಮಸಿ ನನಗೆ ತಿಳಿಯಬೇಕಿತ್ತು.

ಅನುಸೂಯಮ್ಮ ಶಾಲು ಹೊದ್ದು ಬಾಗಿಲಿಗೆ ಬಂದರು. ವಿಷಯ ಹೇಳಿದೆ. ಅವರ ಕೈ ತಾನಾಗಿಯೇ ದೀಪದ ಕಡೆ ಹೋಯಿತು.

“ಬೇರೆ ಕಡೆ ಇಡ್ತೀನಪ್ಪ. ಇಪ್ಪತ್ತೆಂಟು ವರ್ಷದಿಂದ ಬೆಳಗಿನ ಜಾವ ಇಲ್ಲೇ ಹಚ್ಚಿಟ್ಟು, ಬೆಳಕಾದ್ಮೇಲೆ ಒಳಗೆ ಎತ್ತಿಡೋದು ಅಭ್ಯಾಸ, ಹೇಳೋದು ಹೊಳೀಲಿಲ್ಲ.”

“ದೀಪ ಅಲ್ಲೇ ಇರ್ಲಿ ಆಂಟಿ,” ಎಂದೆ. “ತಪ್ಪಿದ್ದು ನಾನು. ನಾನೇ ಜರುಗ್ತೀನಿ.”

ಸೆನ್ಸರನ್ನು ಬಿಚ್ಚಿ, ತಂತಿಯನ್ನು ಸೂರಿನ ಕೆಳಗೆ ಎಳೆದು, ಗೋಡೆಯ ಆ ತುದಿಗೆ ಕೂರಿಸಿದೆ. ಅರ್ಧ ಗಂಟೆಯ ಕೆಲಸ. ಒಳಗೆ ಕಂಟ್ರೋಲಿನ ಅಂಕಿ ಹದಿಮೂರರಿಂದ ಒಂಬತ್ತು, ಆರು, ಮೂರು ಎಂದು ಇಳಿಯಿತು. ಹೊರಪೆಟ್ಟಿಗೆ ನಿಂತಿತು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ನೆಲದಡಿಯಲ್ಲಿ ಧುಪ್ ಎಂದು ಒಲೆ ಹೊತ್ತಿಕೊಂಡಿತು. ಶ್ರೀಕಂಠಯ್ಯನವರು ಜಾಲರಿಯ ಮೇಲೆ ಕೈಯೊಡ್ಡಿ ಕಣ್ಣು ಮುಚ್ಚಿದರು. ಹಾಲ್ ಬೆಚ್ಚಗಾದ ಮೇಲೆ ಅನುಸೂಯಮ್ಮ ಒಂದು ಲೋಟ ಬಿಸಿನೀರು ಕುಡಿದು, ಶ್ರುತಿಪೆಟ್ಟಿಗೆ ಹಚ್ಚಿ, ಮಂದ್ರದಲ್ಲಿ ಒಂದು ಸಾಲು ಹಿಡಿದರು. ನಡುವೆ ಕೆಮ್ಮು ಬಂತು. ನಿಲ್ಲಿಸಿ, ಮತ್ತೆ ಅದೇ ಸಾಲು ಹಿಡಿದರು. ಎರಡನೆಯ ಸಲ ಕೆಮ್ಮಲಿಲ್ಲ.

ಸಾಮಾನು ವ್ಯಾನಿಗೆ ತುಂಬಿ, ಡ್ರೈವರ್ ಸೀಟಿನಲ್ಲಿ ಜಾಬ್ ಶೀಟು ತೆರೆದು ಕೂತಾಗ ಸಂಯುಕ್ತಕ್ಕನ ಫೋನು ಬಂತು. ಕಾರಣ ಹೇಳಿದೆ. ಅಮ್ಮನ ದೀಪವಾ ಎಂದು ಅವರು ನಕ್ಕರು. ಆ ನಗು ಬೇಗ ನಿಂತಿತು.

“ಹಾಗಾದ್ರೆ ಈಗ ಸರಿಯಾಯ್ತು.”

“ಹೂಂ ಅಕ್ಕ. ಕೆಮ್ಮು ಎರಡು ಮೂರು ದಿನದಲ್ಲಿ ಹೋಗಬಹುದು.”

“ಗುರು, ಅವರಿಗಿನ್ನೂ ಶೀಟ್ ಕೊಟ್ಟಿಲ್ಲ ತಾನೆ?”

“ಇಲ್ಲ. ಬರೀತಿದ್ದೀನಿ.”

“ಕೇಳು. ಅಪ್ಪ ನನ್ನ ಮಾತು ನಂಬಲ್ಲ, ಡಾಕ್ಟರ್ ಮಾತು ನಂಬಲ್ಲ. ಟೆಕ್ನಿಕಲ್ ಆಗಿ ಬರೆದುಕೊಟ್ರೆ ಎದುರು ಮಾತಾಡಲ್ಲ. ಅದೂ ನೀನು ಬರೆದದ್ದು. ಇವತ್ತು ಸರಿಯಾಗಿದೆ, ಮುಂದೆ ಗ್ಯಾರಂಟಿ ಇಲ್ಲ, ಈ ಎರಡು ಮಷೀನ್ ಒಟ್ಟಿಗೆ ಬಾಳಲ್ಲ ಅಂತ ಬರಿ. ಅಷ್ಟೇ. ನಾನು ಅವರಿಗೆ ಕೆಟ್ಟದ್ದು ಬಯಸ್ತೀನಾ, ಹೇಳು? ಮುಂದಿನ ಸಲ ಅವರು ಬಿದ್ದಾಗ ಎತ್ತೋಕೆ ಯಾರಿದ್ದಾರೆ ಅಲ್ಲಿ?”

ನೀವು ಹೇಳುತ್ತಿರುವುದು ನಿಜ, ಅಪ್ಪ ಅಮ್ಮನ ಹತ್ತಿರ ಅದನ್ನೇ ನೇರವಾಗಿ ಮಾತಾಡಿ, ಬೇಕಾದರೆ ನಾನೂ ಜೊತೆಗೆ ಕೂರುತ್ತೇನೆ ಎಂದೆ.

“ಮಾತಾಡಿ ಮಾತಾಡಿ ಸಾಕಾಗಿದೆ,” ಎಂದರು ಅಕ್ಕ. ದನಿ ಸಣ್ಣದಾಗಿತ್ತು. “ನಾನು ನಿನ್ನ ಇದುವರೆಗೂ ಏನೂ ಕೇಳಿಲ್ಲ, ಗುರು. ಇದೊಂದು ಬರೆದುಕೊಡು.”

“ಇಲ್ಲ ಅಕ್ಕ,” ಎಂದೆ. “ನಾನು ಬರೆಯಲ್ಲ.”