ಕುಡಿಯೋ ಗಿಣ್ಣು

ಒಂದು ಕೈಯಲ್ಲಿ ಚೆಂಡುಹೂವಿನ ಹಾರ, ಇನ್ನೊಂದರಲ್ಲಿ ಹಾಲಿನ ಕ್ಯಾನು ಹಿಡಿದು ಬಂದ ಶ್ರೀಧರ, ಹಾರವನ್ನೇನೋ ಸೋದರತ್ತೆಯ ಕೊರಳಿಗೆ ಹಾಕಿದ. ಕ್ಯಾನನ್ನು ಎಲ್ಲಿಡಬೇಕೆಂದು ತಿಳಿಯದೆ ಅಲ್ಲೇ ನಿಂತುಬಿಟ್ಟ. ಉರಿಗಾಂನ ಚಿನ್ನದ ಗಣಿ ಕೆಲಸಗಾರರ ಲೈನ್ ಮನೆಯ ಮುಂದೆ, ಶಾಮಿಯಾನದ ಕೆಳಗೆ, ಹಣೆ ತುಂಬ ಕುಂಕುಮವಿಟ್ಟುಕೊಂಡು ಅಕ್ಕಯ್ಯಮ್ಮ ಬೆಂಚಿನ ಮೇಲೆ ಮಲಗಿದ್ದಳು. ಎಪ್ಪತ್ತಾರು ವರ್ಷ ಯಾರಿಗೂ ತೊಂದರೆ ಕೊಡದವಳು ಸಾಯುವಾಗಲೂ ಕೊಡಲಿಲ್ಲ. ಬೆಳಗ್ಗೆ ಸೊಸೆ ಎಬ್ಬಿಸಲು ಹೋದಾಗ ಏಳಲಿಲ್ಲ, ಅಷ್ಟೇ. ತುಂಬಿದ ವಯಸ್ಸು, ಮುತ್ತೈದೆ ಸಾವು. ತಮಟೆಯವರು ಆಗಲೇ ಬಂದು ಕುಣಿಯುವ ಗತ್ತಿನಲ್ಲಿ ಬಾರಿಸುತ್ತಿದ್ದರು.

"ಏನ್ಲಾ ಅದು ಕೈಯಾಗೆ?" ಎಂದ ಚಿಕ್ಕಮುನಿಯಪ್ಪ. ಅಕ್ಕಯ್ಯಮ್ಮನ ಗಂಡನ ಅಣ್ಣ. ಸಾವಿನ ಮನೆಯ ಶಾಸ್ತ್ರವೆಲ್ಲ ತನ್ನ ತಲೆಯ ಮೇಲೇ ನಿಂತಿದೆ ಎಂದುಕೊಂಡ ಮನುಷ್ಯ.

"ಗಿಣ್ಣಾಲು ಮಾವ. ನಮ್ ಕೆಂದ ಅಸ ಬೆಳಗ್ಗೆ ಕರ ಆಕ್ತು. ಮೊದಲ್ನೇ ಆಲು ನಂಗೇ ತರ್ಬೇಕು ಅಂತ ಅತ್ತೆ ಮಾತು ತಗೊಂಡಿತ್ತು. ಕರೀತಾ ಕೂತಿದ್ದೀನಿ, ಅತ್ತೆ ಓಗ್ಬಿಡ್ತು ಅಂತ ಫೋನ್ ಬಂತು. ಏನ್ ಮಾಡ್ಬೇಕೋ ತಿಳೀನಿಲ್ಲ. ಕ್ಯಾಸಂಬಳ್ಳಿಯಿಂದ ಅಂಗೇ ತಂದ್ಬಿಟ್ಟೆ."

ಅತ್ತೆಯ ತಲೆಯ ಬಳಿ ಕೂತಿದ್ದ ಸೊಸೆ ಸುಮಲತ ಅಳು ನಿಲ್ಲಿಸಿ ಕ್ಯಾನನ್ನು ನೋಡಿದಳು. ನಿನ್ನೆ ನಾಲ್ಕು ಗಂಟೆಯ ಟೀ ಹೊತ್ತಿನಲ್ಲಿ ಅತ್ತೆ ಹೇಳಿದ್ದಳು: "ಈ ಸಲ ಗಿಣ್ಣು ನೀನೇ ಮಾಡ್ಬೇಕು. ನಾನು ಕೈ ಆಕಾಕಿಲ್ಲ. ಗಟ್ಟಿಯಾಗಿ ನಿಲ್ಲಿಸಿ ತೋರ್ಸು ನೋಡಾನ." ಅತ್ತೆ ತನಗೆ ಹೇಳಿದ ಕೊನೆಯ ಕೆಲಸ ಅದು. ಸುಮಲತ ಎದ್ದು ಕ್ಯಾನು ಇಸಕೊಂಡಳು.

"ಇವತ್ತೇ ಮಾಡ್ತೀನಿ."

"ಎಣ ಎತ್ತೋಗಂಟ ಈ ಮನ್ಯಾಗೆ ಒಲೆ ಅಚ್ಚಂಗಿಲ್ಲ," ಎಂದ ಚಿಕ್ಕಮುನಿಯಪ್ಪ.

ಪಕ್ಕದ ಮನೆಯ ಇಂದ್ರಾಣಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಣ್ಣೇ, ನಮ್ಮನೇ ಒಲೆ ಐತಲ್ಲ."

"ಎಲ್ಡು ಮನೆಗೂ ಒಂದೇ ಗೋಡೆ ಕಣಮ್ಮಾ!"

"ಗೋಡೆ ಕಂಪನೀದು ಅಣ್ಣೇ. ಒಲೆ ನಂದು."

ಅಳುತ್ತಿದ್ದ ಹೆಂಗಸರಲ್ಲಿ ಇಬ್ಬರು ಕಿಸಕ್ಕನೆ ನಕ್ಕುಬಿಟ್ಟರು. ಚಿಕ್ಕಮುನಿಯಪ್ಪ ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ, ಬೆಳಗಿನಿಂದ ಹೆಂಡತಿಯ ಕಾಲ ಬಳಿ ಕೂತಿದ್ದ ಕೋದಂಡಪ್ಪ ತಲೆ ಎತ್ತದೆಯೇ ಹೇಳಿದ:

"ಮಾಡ್ಲಿ ಬಿಡಣ್ಣಾ."

*

ಆ ಮನೆಯಲ್ಲಿ ನಾಲ್ಕು ಗಂಟೆಗೆ ಬರೀ ಟೀ ಕೊಟ್ಟ ದಿನವೇ ಇಲ್ಲ. ಕೋದಂಡಪ್ಪ ಗಣಿಯಿಂದ ಬಂದು, ಸ್ನಾನ ಮುಗಿಸಿ ಕೂರುತ್ತಿದ್ದ ಹೊತ್ತು ಅದು. ಬಾಯೊಳಗಿನ ಕಲ್ಲಿನ ಧೂಳು ಹೋಗಲೆಂದು ಅಕ್ಕಯ್ಯಮ್ಮ ಮೊದಲು ಒಂದು ತುತ್ತು ಸಿಹಿ ಕೊಡುತ್ತಿದ್ದಳು, ಆಮೇಲೆ ಟೀ. ರಾಗಿ ಹಾಲುಬಾಯಿ, ಹುರಿಗಡಲೆ ಉಂಡೆ, ಏನೂ ಇಲ್ಲದ ದಿನ ಬೆಲ್ಲ ಕಲಸಿದ ಅವಲಕ್ಕಿ. ಗಣಿ ಮುಚ್ಚಿತು, ಧೂಳು ಹೋಯಿತು, ಸಿಹಿ ಮಾತ್ರ ಉಳಿಯಿತು. ಆ ಹೊತ್ತಿಗೆ ಲೈನಿನ ಅರ್ಧ ಜನಕ್ಕೆ ಅವಳ ಬಾಗಿಲಲ್ಲೇ ಏನಾದರೊಂದು ಕೆಲಸವಿರುತ್ತಿತ್ತು.

ಸುಮಲತ ಬಂಗಾರಪೇಟೆಯ ಪೇಟೆ ಹುಡುಗಿ. ಹಾಲೆಂದರೆ ಪ್ಯಾಕೆಟ್ ಎಂದು ತಿಳಿದು ಬೆಳೆದವಳು. ಮದುವೆಯಾದ ವರ್ಷ, ಅತ್ತೆ ಬೇತಮಂಗಲಕ್ಕೆ ಹೋಗಿದ್ದ ದಿನ, ತಾನೇ ಗಿಣ್ಣು ಮಾಡಿ ಭೇಷ್ ಅನ್ನಿಸಿಕೊಳ್ಳಬೇಕೆಂದು ಹೊರಟಳು. ಕರು ಹಾಕಿದ ದಿನದ ಹಾಲು ಮಂದ, ಅದಕ್ಕೆ ಮೂರು ಪಾಲು ಬೇರೆ ಹಾಲು ಬೆರೆಸಿದರೂ ತಡೆಯುತ್ತದೆ. ಆದರೆ ಮನೆಯಲ್ಲಿದ್ದದ್ದು ಮೂರನೇ ದಿನದ ಹಾಲು. ಅದು ಇವಳಿಗೇನು ಗೊತ್ತು? ಮೂರು ಪ್ಯಾಕೆಟ್ ಸುರಿದಳು. ಒಂದು ಗಂಟೆ ಬೇಯಿಸಿದಳು, ಎರಡು ಗಂಟೆ ಬೇಯಿಸಿದಳು. ನಾಲ್ಕಕ್ಕೆ ಜನ ಬಂದು ಕೂತರೂ ಅದು ನೀರು ನೀರಾಗಿಯೇ ಇತ್ತು.

ಬಸ್ಸಿಳಿದು ಬಂದ ಅಕ್ಕಯ್ಯಮ್ಮ ಪಾತ್ರೆ ನೋಡಿದಳು, ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಸೊಸೆಯನ್ನು ನೋಡಿದಳು. ಲೋಟಗಳನ್ನು ಸಾಲಾಗಿ ಇಟ್ಟು ಹುಯ್ದಳು.

"ಇದೇನಮ್ಮಿ ಇದು?" ಎಂದು ಕೋದಂಡಪ್ಪ ಕೇಳಿದ.

"ಕುಡಿಯೋ ಗಿಣ್ಣು. ಬಂಗಾರಪೇಟೆ ಕಡೆ ಇಂಗೇ ಮಾಡಾದು. ಸುಮ್ಕೆ ಕುಡಿ."

ಅವನು ಎರಡು ಲೋಟ ಕುಡಿದ. ಆಮೇಲಿನ ಎಂಟು ವರ್ಷವೂ ಗಿಣ್ಣನ್ನು ಅಕ್ಕಯ್ಯಮ್ಮನೇ ಮಾಡಿದಳು, ಗಟ್ಟಿಯಾಗಿಯೇ ಮಾಡಿದಳು. ಆದರೂ ಪ್ರತಿ ಸಲ ಯಾರಾದರೊಬ್ಬರು "ಸುಮಲತನ ಗಿಣ್ಣಾದ್ರೆ ಲೋಟ ತರ್ತೀವಿ" ಎಂದು ಬಾಗಿಲಲ್ಲಿ ನಿಂತು ಕಾಡುತ್ತಿದ್ದರು.

*

ಮೂರಕ್ಕೆ ಎತ್ತುವುದೆಂದು ಆಗಿತ್ತು. ಸ್ಮಶಾನದ ದಾರಿಯ ಬೇವಿನ ಮರದ ಕೆಳಗೆ ಚಟ್ಟ ಇಳಿಸುತ್ತಾರೆ. ಹೆಂಗಸರು ಅಲ್ಲಿಂದ ಮುಂದಕ್ಕೆ ಹೋಗುವಂತಿಲ್ಲ. ಅಷ್ಟರಲ್ಲಿ ಗಿಣ್ಣು ಆಗಬೇಕು.

ಇಂದ್ರಾಣಿಯ ಒಲೆಯ ಮುಂದೆ ಸುಮಲತ ಅತ್ತೆ ಮಾಡುತ್ತಿದ್ದಂತೆಯೇ ಮಾಡಿದಳು. ಬೆಲ್ಲ ಕರಗಿಸಿ, ಏಲಕ್ಕಿ ಕುಟ್ಟಿ ಹಾಕಿ, ಮೊದಲು ಸಣ್ಣ ಬಟ್ಟಲಲ್ಲಿ ಸ್ವಲ್ಪವೇ ಹುಯ್ದು ಆವಿಗಿಟ್ಟು ನೋಡಿದಳು. ಕಲ್ಲಿನಂತಾಯಿತು. ಹಾಲು ಬೆರೆಸಿ ಇನ್ನೊಂದು ಬಟ್ಟಲಿಟ್ಟಳು. ಅಲುಗಿತು, ಒಡೆಯಲಿಲ್ಲ.

"ಸಾಕು ಕಣೇ, ಇಷ್ಟಕ್ಕೇ ಇರ್ಲಿ," ಎಂದಳು ಇಂದ್ರಾಣಿ. "ಜಾಸ್ತಿ ಜನಕ್ಕೆ ಆಗ್ಲಿ ಅಂತ ಇನ್ನೊಂದು ಪ್ಯಾಕೆಟ್ ಹುಯ್ದುಬಿಟ್ಟೀಯ!"

"ಇಲ್ಲಕ್ಕಾ," ಎಂದು ಸುಮಲತ ಅಳುತ್ತಲೇ ನಕ್ಕಳು. ಗೋಡೆಯಾಚೆ ತಮಟೆ ಜೋರಾಯಿತು. ಪಾತ್ರೆ ಇಳಿಸುವ ಹೊತ್ತಿಗೆ ಅತ್ತೆಯನ್ನು ಎತ್ತಿಯಾಗಿತ್ತು. ಬಿಸಿ ಪಾತ್ರೆಯನ್ನು ಹಾಗೇ ಒದ್ದೆ ಟವೆಲಿನಲ್ಲಿ ಸುತ್ತಿ, ಎದೆಗವಚಿಕೊಂಡು ಮೆರವಣಿಗೆಯ ಹಿಂದೆ ನಡೆದಳು. ಒಳಗೆ ಏನಾಗಿದೆಯೆಂದು ನೋಡಲು ಧೈರ್ಯವಿರಲಿಲ್ಲ. ಪಕ್ಕದಲ್ಲಿ ಅವಳ ಗಂಡ ವೇಣುವಿನ ಆಟೋ, ಬಂದವರಿಗೆಂದು ತುಂಬಿಸಿದ ಟೀ ಕ್ಯಾನು ಹೊತ್ತು ನಿಧಾನಕ್ಕೆ ಬರುತ್ತಿತ್ತು.

ಬೇವಿನ ಮರದ ಕೆಳಗೆ ಚಟ್ಟ ಇಳಿಸಿದರು. ಮಂಡಕ್ಕಿ ಎರಚಿ ಮೂರು ಸುತ್ತು ಬಂದದ್ದಾಯಿತು. ಶ್ರೀಧರ ಫೋನು ನೋಡಿ, "ನಾಕು ಗಂಟೆ ಅಕ್ಕಾ," ಎಂದ.

ಸುಮಲತ ಅತ್ತೆಯ ಪಕ್ಕ ಕೂತು ಮುಚ್ಚಳ ತೆಗೆದಳು. ಪಾತ್ರೆಯ ಮೇಲೆ ತಟ್ಟೆ ಬೋರಲು ಹಾಕಿ, ಕಣ್ಣು ಮುಚ್ಚಿ ತಿರುಗಿಸಿದಳು. ಮೆಲ್ಲಗೆ ಪಾತ್ರೆ ಎತ್ತಿದಳು. ಗಿಣ್ಣು ಒಮ್ಮೆ ಅಲುಗಿ, ಹಾಗೇ ನಿಂತಿತು.

"ನಿಂತ್ಬಿಡ್ತು!" ಎಂದು ಇಂದ್ರಾಣಿ ಕೂಗಿದಳು. ಬೇರೆಯವರು ತಟ್ಟೆಯನ್ನೇ ನೋಡುತ್ತ ನಿಂತರು. ಯಾಕೆಂದು ಸುಮಲತ ತಲೆ ಎತ್ತಿ ನೋಡಿದಳು. ಸುತ್ತ ನಿಂತವರೆಲ್ಲರ ಕೈಯಲ್ಲಿ ಲೋಟಗಳಿದ್ದವು. ಲೈನಿನ ಹೆಂಗಸರು ಸೆರಗಿನಲ್ಲಿ, ಗಂಡಸರು ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದರು. ಚಿಕ್ಕಮುನಿಯಪ್ಪ ತನ್ನದನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಕೋದಂಡಪ್ಪನ ಕೈಯಲ್ಲಿ ಎರಡಿದ್ದವು. ಒಂದು ಅವನದು, ಇನ್ನೊಂದು ಅಂಚು ನೆಗ್ಗಿದ ಅಕ್ಕಯ್ಯಮ್ಮನ ಟೀ ಲೋಟ. ಅವನು ತಟ್ಟೆಯತ್ತ ಬಗ್ಗಿ ನೋಡಿದ. ಮುಖ ಚಿಕ್ಕದಾಯಿತು.

"ಗಟ್ಟಿಯಾಗೋಯ್ತೇನಮ್ಮಾ?"

ಮೊದಲು ನಕ್ಕವನು ತಮಟೆಯವನು. ಆಮೇಲೆ ಎಲ್ಲರೂ. ಸುಮಲತ ಬಿಕ್ಕಿ ಬಿಕ್ಕಿ ಅತ್ತಳು, ಅಳುತ್ತಲೇ ನಕ್ಕಳು, ಕೈಯಲ್ಲೇ ಮುರಿದು ಎಲ್ಲರಿಗೂ ಕೊಟ್ಟಳು. ವೇಣು ಖಾಲಿ ಲೋಟಗಳಿಗೆ ಟೀ ಹುಯ್ಯುತ್ತ ಬಂದ. ಚಿಕ್ಕಮುನಿಯಪ್ಪ ಎರಡನೇ ತುಂಡಿಗೆ ಕೈ ಚಾಚಿ, "ಅವಳ ಕೈ ರುಚಿನೇ ಬಂದೈತೆ," ಎಂದ.

ಕೋದಂಡಪ್ಪ ಒಂದು ತುಂಡನ್ನು ನೆಗ್ಗಿದ ಲೋಟಕ್ಕೆ ಹಾಕಿ ಹೆಂಡತಿಯ ತಲೆಯ ಪಕ್ಕ ಇಟ್ಟ. "ನೋಡಮ್ಮಿ. ನಿನ್ ಸೊಸೆ ನಿಲ್ಲಿಸ್ಬಿಟ್ಲು."

ಮತ್ತೆ ಚಟ್ಟ ಹೆಗಲೇರಿತು. ಹೆಂಗಸರು ಮರದ ಕೆಳಗೇ ನಿಂತರು. ಸುಮಲತ ಖಾಲಿ ಪಾತ್ರೆ ಹಿಡಿದು ನೋಡುತ್ತಿದ್ದಳು. ತಮಟೆಯ ಗತ್ತಿಗೆ ಹೊತ್ತವರ ಹೆಜ್ಜೆ ಕುಣಿಯಿತು. ಅಕ್ಕಯ್ಯಮ್ಮನ ತಲೆಯ ಪಕ್ಕ, ಲೋಟದೊಳಗೆ, ಗಿಣ್ಣು ಅಲುಗುತ್ತ ಅಲುಗುತ್ತ ಹೋಯಿತು. ಒಂದು ಹನಿಯೂ ಚೆಲ್ಲಲಿಲ್ಲ.